ನಾಸಿಕ್ ರೋಡ್‌ನಿಂದ ಹೊರಟ ಛಾಪಾ ಕಾಗದ

ಬ್ರಿಟಿಷರ ಕಾಲದಲ್ಲಿ ನಮ್ಮ ಅಂಚೆಚೀಟಿಗಳು ಲಂಡನ್ನಿನಲ್ಲಿ ಅಚ್ಚಾಗಿ ಹಡಗು ಹತ್ತಿ ಬರುತ್ತಿದ್ದವು. ಅಚ್ಚು ಹಾಕುತ್ತಿದ್ದುದು ಡಿ ಲಾ ರೂ ಎಂಬ ಕಂಪನಿ. 1920ರ ದಶಕದ ನಡುವಿನಲ್ಲಿ ಆ ಕೆಲಸ ನಾಸಿಕ್‌ಗೆ ಬಂತು. ಗೋದಾವರಿಯ ದಂಡೆಯ ಹಳೆಯ ಊರಿನಿಂದ ಆಚೆ, ನಾಸಿಕ್ ರೋಡ್ ರೈಲು ನಿಲ್ದಾಣದ ಆಸುಪಾಸಿನಲ್ಲಿ ಸರ್ಕಾರ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಕಟ್ಟಿತು. 1928ರಲ್ಲಿ ಪಕ್ಕದಲ್ಲೇ ನೋಟು ಮುದ್ರಣಾಲಯವೂ ಶುರುವಾಯಿತು. ಅಂಚೆಚೀಟಿ, ಪಾಸ್‌ಪೋರ್ಟ್, ರೆವಿನ್ಯೂ ಸ್ಟಾಂಪು, ಛಾಪಾ ಕಾಗದ ಹೀಗೆ ಸರ್ಕಾರದ ಮೊಹರಿನಿಂದಲೇ ಬೆಲೆ ಬರುವ ಕಾಗದಗಳೆಲ್ಲ ಅಲ್ಲಿಂದ ಹೊರಡುತ್ತಿದ್ದವು. ಗೋಡೆಗೆ ಮುಳ್ಳುತಂತಿ, ಬಾಗಿಲಿಗೆ ಶಸ್ತ್ರಧಾರಿ ಕಾವಲು, ಹಾಳೆ ಹಾಳೆಗೂ ಲೆಕ್ಕ. ದೇಶದಲ್ಲಿ ಅಷ್ಟು ಬಿಗಿಯಾದ ಕಾರ್ಖಾನೆಗಳು ಕೆಲವೇ.

ತೊಂಬತ್ತರ ದಶಕದಲ್ಲಿ ಆ ಕಾರ್ಖಾನೆಯ ಹಳೆಯ ಯಂತ್ರ ಮುಂಬೈನ ಒಬ್ಬ ಖಾಸಗಿ ವ್ಯಾಪಾರಿಯ ಕೈ ಸೇರಿತು. ಹತ್ತಾರು ರಾಜ್ಯಗಳಲ್ಲಿ ನಕಲಿ ಛಾಪಾ ಕಾಗದ ಚಲಾವಣೆಯಾಯಿತು. ವ್ಯಾಪಾರಿ ಬೆಳಗಾವಿ ಜಿಲ್ಲೆಯ ಖಾನಾಪುರದವನು, ಅಬ್ದುಲ್ ಕರೀಂ ಲಾಲಾ ತೆಲಗಿ. ಈ ಹಗರಣವನ್ನು ನಾವು ಅವನ ಹೆಸರಿನಲ್ಲೇ ನೆನೆಯುತ್ತೇವೆ. ಬಾರುಗಳಲ್ಲಿ ಅವನು ಸುರಿದ ಹಣದ ಕಥೆ, ಮಹಡಿ ಮನೆಗಳ ಕಥೆ, 2023ರಲ್ಲಿ ಬಂದ ವೆಬ್ ಸರಣಿ ಎಲ್ಲವೂ ಅವನ ಸುತ್ತಲೇ ಗಿರಕಿ ಹೊಡೆಯುತ್ತವೆ. ಆ ಕಥೆಗಳ ಸದ್ದಿನಲ್ಲಿ ಮುಖ್ಯವಾದ ಪ್ರಶ್ನೆ ಮರೆತೇ ಹೋಗಿದೆ ಎಂಬುದು ನನ್ನ ಕೊರಗು. ಇಷ್ಟೊಂದು ಕಚೇರಿಗಳ ಕಣ್ಣೆದುರೇ ಇದು ವರ್ಷಗಟ್ಟಲೆ ನಡೆದದ್ದು ಹೇಗೆ? ಕೊನೆಗೆ ಅದನ್ನು ತಡೆಯಲು ಎಷ್ಟು ಸಂಸ್ಥೆಗಳು ಒಂದಕ್ಕೊಂದು ಕೈಜೋಡಿಸಬೇಕಾಯಿತು?

ಮೊದಲು ಆ ಕಾಗದವನ್ನು ನೋಡಬೇಕು. ನಮ್ಮಲ್ಲಿ ಹಳೆಯ ಮನೆಗಳ ಟ್ರಂಕಿನಲ್ಲೋ ಕಪಾಟಿನಲ್ಲೋ ಒಂದಾದರೂ ಕ್ರಯಪತ್ರ ಇದ್ದೇ ಇರುತ್ತದೆ. ಮೇಲ್ಭಾಗದಲ್ಲಿ ಸಿಂಹಲಾಂಛನ, ಅದರ ಸುತ್ತ ಬಳ್ಳಿಯ ಹಾಗೆ ಹೆಣೆದ ಸಣ್ಣ ಗೆರೆಗಳು, ಅಕ್ಷರದಲ್ಲೂ ಅಂಕಿಯಲ್ಲೂ ಬರೆದ ಮೌಲ್ಯ. ಬೆಳಕಿಗೆ ಹಿಡಿದರೆ ಒಳಗೆ ನೀರಚ್ಚು. ಹಾಳೆ ತಿರುವಿದರೆ ಹಿಂಬದಿಯಲ್ಲಿ ಸ್ಟಾಂಪ್ ವೆಂಡರನ ಮೊಹರು, ಅವನ ರಿಜಿಸ್ಟರಿನ ಕ್ರಮಸಂಖ್ಯೆ, ಕೊಂಡವರ ಹೆಸರು, ದಿನಾಂಕ, ಸಹಿ. ಅವಸರದ ಕೈಬರಹದ ಈ ನಾಲ್ಕು ಸಾಲು ಆ ಕಾಗದದ ಜಾತಕ. ಜಮೀನು ವ್ಯಾಜ್ಯದಲ್ಲಿ ವಕೀಲರು ಮೊದಲು ತಿರುವಿ ನೋಡುವುದು ಇದನ್ನೇ.

1899ರ ಭಾರತೀಯ ಸ್ಟಾಂಪ್ ಕಾಯ್ದೆಯ ಕಾಲದಿಂದ ಬಂದ ಏರ್ಪಾಡು ಇದು. ನೀವು ಮನೆ ಕೊಳ್ಳುತ್ತೀರಿ, ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆಗ ನಗದು ಕಟ್ಟಿ ರಸೀದಿ ಪಡೆಯುವ ಬದಲು ಅಷ್ಟೇ ಮೌಲ್ಯದ ಕಾಗದ ಕೊಂಡು ಅದರ ಮೇಲೆ ಪತ್ರ ಬರೆಸುತ್ತಿದ್ದರು. ತೆರಿಗೆ, ರಸೀದಿ ಎರಡೂ ಆ ಕಾಗದವೇ. ಹಾಗಾಗಿ ಕಾಗದವನ್ನು ನಕಲು ಮಾಡಿದವನು ಸರ್ಕಾರಕ್ಕೆ ಬರಬೇಕಾದ ತೆರಿಗೆಯನ್ನೇ ತನ್ನ ಜೇಬಿಗೆ ಇಳಿಸಿಕೊಂಡಂತೆ.

ಈ ಕಾಗದ ಸಾಗುತ್ತಿದ್ದ ದಾರಿ ನೋಡಿ. ಅಚ್ಚು ಹಾಕುವುದು ಕೇಂದ್ರ ಹಣಕಾಸು ಸಚಿವಾಲಯದ ಅಧೀನದ ಮುದ್ರಣಾಲಯ. ದಾಸ್ತಾನು ಇಡುವುದು ನಾಸಿಕ್ ರೋಡ್‌ನ ಕೇಂದ್ರ ಸ್ಟಾಂಪ್ ಡಿಪೋ. ಇಂಡೆಂಟು ಕಳಿಸಿ ತರಿಸಿಕೊಳ್ಳುವುದು ರಾಜ್ಯದ ಖಜಾನೆ. ಸಾಗಿಸುವುದು ರೈಲು, ಕಾಯುವುದು ರೈಲ್ವೆ ರಕ್ಷಣಾ ದಳ. ಮಾರುವುದು ಪರವಾನಗಿ ಪಡೆದ ಖಾಸಗಿ ವೆಂಡರ್. ಶುಲ್ಕ ಸರಿಯಿದೆಯೇ ಎಂದು ನೋಡುವುದು ಉಪನೋಂದಣಾಧಿಕಾರಿ. ಕಳವಾದರೆ ಪತ್ತೆ ಹಚ್ಚುವುದು ರಾಜ್ಯದ ಪೊಲೀಸರು. ಪ್ರತಿ ಕಚೇರಿಯಲ್ಲೂ ಒಂದು ರಿಜಿಸ್ಟರ್ ಇತ್ತು, ಪ್ರತಿಯೊಬ್ಬರೂ ತಮ್ಮ ಪುಟ ಮಾತ್ರ ನೋಡಿಕೊಳ್ಳುತ್ತಿದ್ದರು. ನಾಸಿಕ್‌ನಿಂದ ಹೊರಟ ಕಾಗದವೆಷ್ಟು, ಬಳಕೆಯಾದದ್ದೆಷ್ಟು ಎಂದು ಒಂದೇ ಮೇಜಿನ ಮೇಲೆ ತಾಳೆ ಹಾಕುವವರಿರಲಿಲ್ಲ. ಕ್ರಯಪತ್ರವಾದರೂ ಉಪನೋಂದಣಾಧಿಕಾರಿಯ ಕಣ್ಣಿಗೆ ಬೀಳುತ್ತದೆ. ಷೇರು ವರ್ಗಾವಣೆಗೆ ಹಚ್ಚುವ ಸ್ಟಾಂಪು, ವಿಮಾ ಪಾಲಿಸಿಗೆ ಹಚ್ಚುವ ಸ್ಟಾಂಪು ಯಾವ ನೋಂದಣಿ ಕಚೇರಿಯ ಮುಂದೂ ಹೋಗುತ್ತಿರಲಿಲ್ಲ. ಕಂಪನಿಯ ಕಡತದಲ್ಲೇ ಅವುಗಳ ಆಯುಸ್ಸು ಮುಗಿಯುತ್ತಿತ್ತು. ತೆಲಗಿಯ ದೊಡ್ಡ ಗಿರಾಕಿಗಳು ಬ್ಯಾಂಕು, ವಿಮಾ ಕಂಪನಿ, ಷೇರು ದಲ್ಲಾಳಿಗಳು. ಬಿರುಕು ಎಲ್ಲಿದೆ ಎಂಬುದನ್ನು ಅವನು ಸರಿಯಾಗಿ ಅರಿತಿದ್ದ.

ತೆಲಗಿ ಹುಟ್ಟಿದ್ದು 1961ರಲ್ಲಿ. ತಂದೆ ರೈಲ್ವೆಯಲ್ಲಿ ಕೆಳದರ್ಜೆಯ ನೌಕರ. ಅವರು ಬೇಗ ತೀರಿಕೊಂಡರು. ಹುಡುಗ ಖಾನಾಪುರ ನಿಲ್ದಾಣದಲ್ಲಿ, ರೈಲುಗಳಲ್ಲಿ ಹಣ್ಣು ತರಕಾರಿ ಮಾರಿಕೊಂಡು ಓದಿದ, ಬಿ.ಕಾಂ. ಮುಗಿಸಿದ, ಮುಂಬೈಗೆ ಹೋದ, ಅಲ್ಲಿಂದ ಸೌದಿಗೆ. ತಿರುಗಿ ಬಂದು ಗಲ್ಫ್ ದೇಶಗಳಿಗೆ ಕೆಲಸಗಾರರನ್ನು ಕಳಿಸುವ ಏಜೆನ್ಸಿ ತೆರೆದ. ದಾಖಲೆಪತ್ರಗಳ ಫೋರ್ಜರಿ ಪ್ರಕರಣದಲ್ಲಿ ಜೈಲು ಕಂಡ. ಕೋಲ್ಕತ್ತಾದ ರಾಮರತನ್ ಸೋನಿ ಎಂಬ ಸ್ಟಾಂಪ್ ವೆಂಡರನ ಸಹವಾಸ ಅವನನ್ನು ಈ ದಂಧೆಗೆ ಎಳೆಯಿತು. 1994ರಲ್ಲಿ ಮುಂಬೈನಲ್ಲಿ ಅವನಿಗೇ ಸ್ಟಾಂಪ್ ವೆಂಡರ್ ಪರವಾನಗಿ ಸಿಕ್ಕಿತು. ಫೋರ್ಜರಿ ಆರೋಪ ಹೊತ್ತವನ ಕೈಗೆ ಸರ್ಕಾರದ ಮೌಲ್ಯದ ಕಾಗದ ಮಾರುವ ಹಕ್ಕು! ಪೊಲೀಸ್ ಇಲಾಖೆಯ ಕಡತ ಪರವಾನಗಿ ಕೊಡುವವರ ಮೇಜಿಗೆ ಬಂದಿದ್ದರೆ ಮುಂದಿನ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

1996ರ ಹೊತ್ತಿಗೆ ಮುಂಬೈನ ಮಿಂಟ್ ರೋಡ್‌ನಲ್ಲಿ ಅವನ ಸ್ವಂತ ಛಾಪಖಾನೆ ಶುರುವಾಗಿತ್ತು. ನಾಸಿಕ್‌ನ ಮುದ್ರಣಾಲಯದಲ್ಲಿ ಬಳಕೆ ಮುಗಿದ ಯಂತ್ರಗಳನ್ನು ಮತ್ತೆ ಕೂಡಿಸಲಾಗದಂತೆ ಒಡೆದು, ಗುಜರಿ ಕಬ್ಬಿಣವಾಗಿ ಹರಾಜು ಹಾಕಬೇಕೆಂಬುದು ಕ್ರಮ. ತನಿಖಾಧಿಕಾರಿಗಳು ಹೇಳಿದ್ದು ಇಷ್ಟು: ಯಂತ್ರ ಒಡೆಯದೆಯೇ ಹೊರಬಿತ್ತು. ಅಚ್ಚಿಗೆ ಬೇಕಾದ ಸಾಮಗ್ರಿಯೂ ಒಳಗಿನವರ ನೆರವಿನಿಂದಲೇ ಸಿಕ್ಕಿತು. ಅಸಲಿ ಯಂತ್ರದಲ್ಲಿ ಅಚ್ಚಾದ ನಕಲಿಯನ್ನು ಬರಿಗಣ್ಣಿನಲ್ಲಿ ಯಾರು ಗುರುತಿಸಬಲ್ಲರು? ಮುನ್ನೂರಕ್ಕೂ ಹೆಚ್ಚು ಏಜೆಂಟರು ಮಾರಾಟಕ್ಕಿಳಿದರು. ಖಜಾನೆಯಲ್ಲಿ ಸಾಲು ಹಚ್ಚಿ ಕಾಯುವ ಕಷ್ಟವಿಲ್ಲ, ಕಚೇರಿಯ ಬಾಗಿಲಿಗೇ ಕಾಗದ ಬರುತ್ತಿತ್ತು. ಮಾರುಕಟ್ಟೆಯಲ್ಲಿ ಅಸಲಿ ಕಾಗದದ ಅಭಾವ ಉಂಟಾಗುವಂತೆ ನೋಡಿಕೊಂಡ ಆರೋಪವೂ ಅವನ ಮೇಲಿತ್ತು. ಒಟ್ಟು ಮೊತ್ತದ ಬಗ್ಗೆ ಪತ್ರಿಕೆಗಳು 20 ಸಾವಿರ ಕೋಟಿ, 30 ಸಾವಿರ ಕೋಟಿ ಎಂದೆಲ್ಲ ಬರೆದವು. ಆ ಅಂಕಿಗಳನ್ನು ನಾನು ನೆಚ್ಚುವುದಿಲ್ಲ. ಲೆಕ್ಕ ಇಡುವ ವ್ಯವಸ್ಥೆಯೇ ಇಲ್ಲದ ಕಡೆ ನಷ್ಟದ ಲೆಕ್ಕ ನಿಖರವಾಗಿ ಸಿಗುವುದಾದರೂ ಹೇಗೆ?

ಗಂಟು ಸಡಿಲಾದದ್ದು ಬೆಂಗಳೂರಿನಲ್ಲಿ. 2000ದ ಆಗಸ್ಟ್‌ನಲ್ಲಿ ನಗರ ಪೊಲೀಸರ ಕೈಗೆ ನಕಲಿ ಛಾಪಾ ಕಾಗದ ಸಾಗಿಸುತ್ತಿದ್ದವರು ಸಿಕ್ಕಿಬಿದ್ದರು. ಅವರ ಬಾಯಿಂದ ತೆಲಗಿಯ ಹೆಸರು ಬಂತು. ಒಂದು ವರ್ಷಕ್ಕೂ ಮಿಕ್ಕಿ ಅವನು ತಲೆಮರೆಸಿಕೊಂಡಿದ್ದ. 2001ರ ನವೆಂಬರ್‌ನಲ್ಲಿ ರಾಜಸ್ಥಾನದ ಅಜ್ಮೇರ್‌ನಲ್ಲಿ ಕರ್ನಾಟಕದ ಪೊಲೀಸರು ಅವನನ್ನು ಹಿಡಿದು ಬೆಂಗಳೂರಿಗೆ ತಂದರು. ರಾಜ್ಯ ಸರ್ಕಾರ ಈ ಒಂದೇ ಹಗರಣಕ್ಕೆಂದು ವಿಶೇಷ ತಂಡ ಕಟ್ಟಿತು. ಸ್ಟಾಂಪಿಟ್ ಎಂದು ಅದಕ್ಕೆ ಹೆಸರು, ಮುಖ್ಯಸ್ಥರು ಆರ್. ಶ್ರೀಕುಮಾರ್.

ಹಿಡಿದಾಯಿತು, ಜೈಲಿಗೆ ಹಾಕಿಯೂ ಆಯಿತು, ಆದರೆ ದಂಧೆ ನಿಲ್ಲಲಿಲ್ಲ. ಪರಪ್ಪನ ಅಗ್ರಹಾರದ ಜೈಲಿನೊಳಗಿಂದ ತೆಲಗಿ ಮೊಬೈಲ್ ಫೋನಿನಲ್ಲಿ ವ್ಯವಹಾರ ಮುಂದುವರಿಸಿದ. ಸ್ಟಾಂಪಿಟ್ ತಂಡ ಆ ಮಾತುಕತೆಗಳನ್ನು ಕದ್ದಾಲಿಸಿ ದಾಖಲಿಸಿಕೊಂಡಿತು. ಒಂದು ಇಲಾಖೆ ಬಂಧಿಸಿದವನಿಗೆ ಇನ್ನೊಂದು ಇಲಾಖೆಯ ಗೋಡೆಯೊಳಗೆ ಫೋನು ಸಿಕ್ಕಿತ್ತು. ಎರಡೂ ಗೃಹ ಇಲಾಖೆಯ ಕೈಕೆಳಗಿನವೇ. ದೂರದ ನಾಸಿಕ್‌ನಲ್ಲಿ ಕಂಡ ಬಿರುಕು ನಮ್ಮ ರಾಜಧಾನಿಯಲ್ಲೂ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

2002ರ ಜೂನ್‌ನಲ್ಲಿ ಪುಣೆಯ ಪೊಲೀಸರೂ ನಕಲಿ ಸ್ಟಾಂಪುಗಳ ದಾಸ್ತಾನು ಹಿಡಿದರು. ಮಹಾರಾಷ್ಟ್ರವೂ ವಿಶೇಷ ತನಿಖಾ ತಂಡ ರಚಿಸಿತು. ಅದರ ಹೊಣೆ ಹೊತ್ತವರು ಸುಬೋಧ್ ಕುಮಾರ್ ಜೈಸ್ವಾಲ್. ಇದೇ ಅಧಿಕಾರಿ 2021ರಲ್ಲಿ ಸಿಬಿಐ ನಿರ್ದೇಶಕರಾದರು. ಜೈಸ್ವಾಲ್ ತಂಡಕ್ಕೆ 2003ರ ಜನವರಿಯಲ್ಲಿ ಕಂಡ ನೋಟ ಈ ಇಡೀ ಇತಿಹಾಸದ ತಿರುವು ಎನ್ನಬಹುದು. ವಿಚಾರಣೆಗೆಂದು ಮುಂಬೈ ಕ್ರೈಂ ಬ್ರಾಂಚಿನ ವಶಕ್ಕೆ ಕೊಟ್ಟಿದ್ದ ತೆಲಗಿ ಲಾಕಪ್ಪಿನಲ್ಲಿರಬೇಕಿತ್ತು. ಇದ್ದದ್ದು ದಕ್ಷಿಣ ಮುಂಬೈನ ತನ್ನದೇ ಫ್ಲ್ಯಾಟಿನಲ್ಲಿ. ಕಾಯಬೇಕಾದ ಪೊಲೀಸರು ಅಲ್ಲಿ ಅತಿಥಿಗಳಂತಿದ್ದರು. ಪೊಲೀಸರ ಬಗ್ಗೆ ಪೊಲೀಸರೇ ವರದಿ ಬರೆಯಬೇಕಾದ ಸನ್ನಿವೇಶ ಅದು. ಜೈಸ್ವಾಲ್ ಬರೆದರು.

ವರದಿ ಬರೆಯುವುದು ಒಂದು, ಅದರ ಮೇಲೆ ಕ್ರಮ ಆಗುವುದು ಇನ್ನೊಂದು. ಆಗಿನ ಅಹಮದ್‌ನಗರ ಜಿಲ್ಲೆಯ ರಾಳೇಗಣ ಸಿದ್ಧಿಯ ಸಾಮಾಜಿಕ ಹೋರಾಟಗಾರ ಅಣ್ಣಾ ಹಜಾರೆ ಬಾಂಬೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದು ಈ ಹಂತದಲ್ಲಿ. ಹೈಕೋರ್ಟು 2003ರಲ್ಲಿ ತನಿಖೆಯ ಉಸ್ತುವಾರಿಗೆ ನಿವೃತ್ತ ಪೊಲೀಸ್ ಮಹಾನಿರ್ದೇಶಕ ಎಸ್.ಎಸ್. ಪುರಿ ಅವರನ್ನು ನೇಮಿಸಿತು. ಈ ನೇಮಕದ ಮಹತ್ವ ಹೊರನೋಟಕ್ಕೆ ಕಾಣುವುದಿಲ್ಲ. ಸೇವೆಯಲ್ಲಿರುವ ಅಧಿಕಾರಿಗೆ ತನಗಿಂತ ಮೇಲಿನವರನ್ನು ಪ್ರಶ್ನಿಸುವುದು ಕಷ್ಟ. ವರ್ಗಾವಣೆಯ ಕತ್ತಿ ಯಾವಾಗಲೂ ತಲೆಯ ಮೇಲಿರುತ್ತದೆ. ನಿವೃತ್ತರಿಗೆ ಆ ಭಯವಿಲ್ಲ, ಬೆನ್ನಿಗೆ ಹೈಕೋರ್ಟಿನ ಆದೇಶವಿದೆ. ತಂಡದ ಕೆಳಗಿನ ಅಧಿಕಾರಿಗಳಿಗೂ ಅದೇ ರಕ್ಷೆಯಾಯಿತು. ಆ ವರ್ಷ ಮಹಾರಾಷ್ಟ್ರದ ಒಬ್ಬ ಶಾಸಕರು, ಆಂಧ್ರದ ಒಬ್ಬ ಶಾಸಕರು ಬಂಧನಕ್ಕೊಳಗಾದರು. ಡಿಸೆಂಬರ್ 1ರಂದು, ನಿವೃತ್ತರಾದ ಮರುದಿನವೇ, ಮುಂಬೈ ಪೊಲೀಸ್ ಕಮಿಷನರ್ ಆಗಿದ್ದವರನ್ನು ಬಂಧಿಸಲಾಯಿತು. 2007ರಲ್ಲಿ ನ್ಯಾಯಾಲಯ ಅವರನ್ನು ಆರೋಪದಿಂದ ಕೈಬಿಟ್ಟಿತು. ಬಂಧನದ ಸುದ್ದಿ ಮುಖಪುಟದಲ್ಲಿ ಓದಿದವರೆಲ್ಲ ಈ ಎರಡನೆಯ ಸುದ್ದಿಯನ್ನೂ ನೆನಪಿಡಬೇಕು. ಸಂಸ್ಥೆಗಳು ಕೂಡಿ ಕೆಲಸ ಮಾಡುವುದೆಂದರೆ ಒಂದರ ಆತುರವನ್ನು ಇನ್ನೊಂದು ತಿದ್ದುವುದೂ ಸೇರಿದೆ.

ಅದೇ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತೆಲಗಿಗೆ ಮಂಪರು ಪರೀಕ್ಷೆ ಮಾಡಿಸಿದರು. ಅದರ ವಿಡಿಯೊ ಮುಂದೆ ಟಿವಿಯಲ್ಲೂ ಬಂದು, ಅರೆಪ್ರಜ್ಞೆಯಲ್ಲಿ ಅವನು ಉಸುರಿದ ಹೆಸರುಗಳನ್ನು ದೇಶ ಕೇಳಿತು. ಈ ಪ್ರಕರಣದ ಇತರ ಆರೋಪಿಗಳು ಇಂಥ ಪರೀಕ್ಷೆಗಳನ್ನು ಪ್ರಶ್ನಿಸಿದಾಗ ಬಾಂಬೆ ಹೈಕೋರ್ಟು 2004ರಲ್ಲಿ ಅವಕ್ಕೆ ಒಪ್ಪಿಗೆ ಕೊಟ್ಟಿತ್ತು. 2010ರ ಮೇ 5ರಂದು ಸುಪ್ರೀಂ ಕೋರ್ಟು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ಭ್ರಷ್ಟಾಚಾರದ ಮೇಲಿನ ಸಿಟ್ಟು ಎಷ್ಟೇ ನ್ಯಾಯವಾಗಿರಲಿ, ಸೂಜಿ ಚುಚ್ಚಿ ಬಾಯಿ ಬಿಡಿಸುವ ದಾರಿ ನಮಗೆ ಬೇಡ. ಆ ತೀರ್ಪನ್ನು ನಾನು ಪೂರ್ತಿ ಒಪ್ಪುತ್ತೇನೆ.

ಇಷ್ಟರಲ್ಲಿ ಪ್ರಕರಣಗಳು ರಾಜ್ಯ ರಾಜ್ಯಗಳಲ್ಲಿ ಹಂಚಿಹೋಗಿದ್ದವು. ಒಬ್ಬನೇ ಆರೋಪಿ, ಅವನಿಗಾಗಿ ಬೆಂಗಳೂರು ಒಂದು ಕಡೆ ಎಳೆದರೆ ಪುಣೆ ಇನ್ನೊಂದು ಕಡೆ. ಪೊಲೀಸ್ ವ್ಯವಸ್ಥೆ ರಾಜ್ಯದ ವಿಷಯ. ಸಿಬಿಐ ಕೆಲಸ ಮಾಡುವುದು 1946ರ ದೆಹಲಿ ವಿಶೇಷ ಪೊಲೀಸ್ ಕಾಯ್ದೆಯ ಅಡಿಯಲ್ಲಿ, ರಾಜ್ಯದ ಒಪ್ಪಿಗೆಯಿಲ್ಲದೆ ಅದು ತಾನಾಗಿ ಒಳಬರುವಂತಿಲ್ಲ. 2004ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಅಲ್ಲಿಯವರೆಗೆ ತುಂಡು ತುಂಡಾಗಿದ್ದ ಕಡತಗಳು ಆಗ ಒಂದೆಡೆ ಸೇರಿದವು. ಸಂಘಟಿತ ಅಪರಾಧ ನಿಯಂತ್ರಣಕ್ಕೆ ಮಹಾರಾಷ್ಟ್ರ 1999ರಲ್ಲಿ ಮಾಡಿದ್ದ ಮೊಕ್ಕಾ ಕಾಯ್ದೆಯ ವಿಶೇಷ ನ್ಯಾಯಾಲಯ ಪುಣೆಯಲ್ಲಿ ವಿಚಾರಣೆ ನಡೆಸಿತು. 2006ರ ಜನವರಿಯಲ್ಲಿ ತೆಲಗಿಗೂ ಕೆಲವು ಸಹಚರರಿಗೂ 30 ವರ್ಷಗಳ ಕಠಿಣ ಶಿಕ್ಷೆ ಆಗಿತ್ತು. 2007ರ ಜೂನ್ 28ರಂದು ಇನ್ನೊಂದು ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ ಅವನಿಗೆ ಪುಣೆಯ ನ್ಯಾಯಾಲಯ 13 ವರ್ಷಗಳ ಕಠಿಣ ಶಿಕ್ಷೆ, 202 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡ ವಸೂಲಿಗೆ ಅವನ ಆಸ್ತಿ ಮುಟ್ಟುಗೋಲು ಹಾಕಿಕೊಳ್ಳಿ ಎಂದು ಆದಾಯ ತೆರಿಗೆ ಇಲಾಖೆ ಕೇಳಿತು.

ಈ ತನಿಖೆ ನಡೆದ ಮೂರ್ನಾಲ್ಕು ವರ್ಷ ದೇಶದಲ್ಲಿ ಅಕ್ರಮವನ್ನು ಬಯಲಿಗೆಳೆಯುವ ಬೇರೆ ಬಾಗಿಲುಗಳೂ ತೆರೆಯುತ್ತಿದ್ದವು. 1964ರಿಂದ ಬರಿಯ ಸರ್ಕಾರಿ ಆದೇಶದ ಬಲದಲ್ಲಿದ್ದ ಕೇಂದ್ರ ಜಾಗೃತ ಆಯೋಗಕ್ಕೆ 2003ರಲ್ಲಿ ಕಾನೂನಿನ ಬಲ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ, ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರ ಕೊಲೆ ಗಯಾದಲ್ಲಿ ಆಯಿತು. ಆ ಆಘಾತದ ಬೆನ್ನಲ್ಲೇ 2004ರಲ್ಲಿ, ಒಳಗಿನಿಂದ ದೂರು ಕೊಡುವವರ ಹೆಸರು ಗುಟ್ಟಾಗಿಟ್ಟು ವಿಚಾರಿಸುವ ಹೊಣೆಯನ್ನು ಆಯೋಗಕ್ಕೆ ಕೊಟ್ಟರು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲೇ ಮಾಡಿತ್ತು ಎಂಬುದನ್ನು ಇಲ್ಲಿ ಹೆಮ್ಮೆಯಿಂದ ಹೇಳಬಹುದು. ಈ ಬಾಗಿಲುಗಳು ತೆರೆದದ್ದರ ಫಲ ನಾಸಿಕ್‌ನಲ್ಲೇ ಕಾಣಬೇಕೆಂದರೆ 2012ಕ್ಕೆ ಬರಬೇಕು. ಅಲ್ಲಿನ ಮಹಾರಾಷ್ಟ್ರ ಎಂಜಿನಿಯರಿಂಗ್ ತರಬೇತಿ ಅಕಾಡೆಮಿಯ ಮುಖ್ಯ ಎಂಜಿನಿಯರ್ ವಿಜಯ್ ಪಾಂಢರೆ ನೀರಾವರಿ ಕಾಮಗಾರಿಗಳ ಅಕ್ರಮದ ಬಗ್ಗೆ ರಾಜ್ಯಪಾಲರಿಗೂ ಮುಖ್ಯಮಂತ್ರಿಗೂ ಪತ್ರ ಬರೆದರು. ಆ ವರ್ಷದ ಕೊನೆಗೆ ರಚನೆಯಾದ ತನಿಖಾ ಸಮಿತಿಗೆ ಅಧ್ಯಕ್ಷರಾದವರು ಔರಂಗಾಬಾದಿನ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದ, ಜಲತಜ್ಞ ಮಾಧವರಾವ್ ಚಿತಳೆ. ಆ ಹಗರಣದ ಕಥೆ ಬೇರೆಯೇ, ಉದ್ದವೂ ಹೌದು. ಸೇವೆಯಲ್ಲಿದ್ದುಕೊಂಡೇ ಒಬ್ಬ ಎಂಜಿನಿಯರ್ ಸಹಿ ಹಾಕಿ ಪತ್ರ ಬರೆದದ್ದು, ಆ ಪತ್ರ ಸಾರ್ವಜನಿಕ ಚರ್ಚೆಯಾದದ್ದು ಮಾತ್ರ ತೊಂಬತ್ತರ ದಶಕದ ನಾಸಿಕ್ ರೋಡ್‌ನಲ್ಲಿ ಊಹಿಸಲೂ ಕಷ್ಟವಿದ್ದ ಸಂಗತಿ.

ಶಿಕ್ಷೆ ಆದದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆ ಕಾಗದವನ್ನೇ ಬದಲಿಸಿದ ಕೆಲಸ. ಕರ್ನಾಟಕ ಈ ಹಗರಣದ ಬೆನ್ನಲ್ಲೇ ಛಾಪಾ ಕಾಗದದ ಮಾರಾಟ ನಿಲ್ಲಿಸಿ, ಡಾಕ್ಯುಮೆಂಟ್ ಶೀಟ್, ಫ್ರ್ಯಾಂಕಿಂಗ್‌ಗಳತ್ತ ಹೊರಳಿತು. ಉಪನೋಂದಣಿ ಕಚೇರಿಗಳಿಗೆ ಕಾವೇರಿ ತಂತ್ರಾಂಶ ಬಂತು. ಬಳಿಕ ಇ-ಸ್ಟಾಂಪಿಂಗ್. ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ನನ್ನು ಕೇಂದ್ರ ಸರ್ಕಾರ ದಾಖಲೆ ಇಡುವ ಸಂಸ್ಥೆಯಾಗಿ ನೇಮಿಸಿತು. ಆ ಏರ್ಪಾಡಿನಲ್ಲಿ ಬಾಡಿಗೆ ಕರಾರು ಆಗುತ್ತಿದ್ದ ರೀತಿ ನೋಡಿ. ಜೆರಾಕ್ಸ್ ಅಂಗಡಿಯ ಪಕ್ಕದ ಸಹಕಾರಿ ಸಂಘದ ಕೌಂಟರಿನಲ್ಲಿ ಎರಡೂ ಪಕ್ಷಗಳ ಹೆಸರು, ಉದ್ದೇಶ, ಶುಲ್ಕ ಕೇಳಿ ಟೈಪು ಮಾಡುತ್ತಿದ್ದರು. ಹೊರಬರುವ ಹಾಳೆಯ ಮೇಲೆ ಐಎನ್-ಕೆಎ ಎಂದು ಶುರುವಾಗುವ ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆ ಇನ್ನೊಂದು ಹಾಳೆಗೆ ಬರುತ್ತಿರಲಿಲ್ಲ. ಹಿಂದೆ ಹಿಂಬದಿಯಲ್ಲಿ ವೆಂಡರ್ ಗೀಚುತ್ತಿದ್ದ ಜಾತಕ ಮುಂಬದಿಯಲ್ಲೇ ಅಚ್ಚಾಗಿರುತ್ತಿತ್ತು, ಅದರ ಪ್ರತಿ ಕೇಂದ್ರ ದಾಖಲೆಯಲ್ಲಿರುತ್ತಿತ್ತು. ಯಾರು ಬೇಕಾದರೂ ಸಂಖ್ಯೆ ಹಾಕಿ ತಾಳೆ ನೋಡಬಹುದಿತ್ತು. ಹಣ ಕಟ್ಟಿದ ಲೆಕ್ಕವೂ ಕಾಗದದ ಲೆಕ್ಕವೂ ಒಂದೇ ಪುಟಕ್ಕೆ ಬಂದದ್ದು ಹೀಗೆ. ಹೊಸ ರೀತಿಯ ಮೋಸ ಹುಡುಕುವವರು ಇದ್ದೇ ಇರುತ್ತಾರೆ, ನಿಜ. ನಾಸಿಕ್‌ನಿಂದ ಯಂತ್ರ ತರಿಸಿ ಕೋಟಿಗಟ್ಟಲೆ ಅಚ್ಚು ಹಾಕುವ ದಾರಿ ಅವರಿಗಿಲ್ಲ.

ತೆಲಗಿ ಶಿಕ್ಷೆಯ ಕೊನೆಯ ವರ್ಷಗಳನ್ನು ಪರಪ್ಪನ ಅಗ್ರಹಾರದಲ್ಲಿ ಕಳೆದ. 2017ರ ಜುಲೈನಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಡಿ. ರೂಪಾ ಸಲ್ಲಿಸಿದ ವರದಿ ಎಲ್ಲರಿಗೂ ನೆನಪಿರುವುದು ಅದೇ ಜೈಲಿನಲ್ಲಿದ್ದ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆ ಸಿಕ್ಕಿತ್ತೆನ್ನಲಾದ ವಿಶೇಷ ಸೌಲಭ್ಯಗಳ ಕಾರಣಕ್ಕೆ. ಅದೇ ವರದಿಯಲ್ಲಿ ತೆಲಗಿಯ ಹೆಸರೂ ಇತ್ತು. ವಿಚಾರಣಾಧೀನ ಕೈದಿಗಳು ಅವನ ಮೈಕೈ ಒತ್ತುವ ಸೇವೆಗೆ ನಿಂತಿದ್ದರು ಎಂದು ರೂಪಾ ಬರೆದಿದ್ದರು. ಸರ್ಕಾರ ರೂಪಾ ಅವರನ್ನೂ ಅವರ ಮೇಲಧಿಕಾರಿಯನ್ನೂ ಎತ್ತಂಗಡಿ ಮಾಡಿತು. ಸ್ಟಾಂಪಿಟ್ ತಂಡ ಫೋನು ಕದ್ದಾಲಿಸಿ ಹದಿನೈದು ವರ್ಷ ಕಳೆದಿತ್ತು, ಜೈಲಿನ ಒಳಗಿನ ಸಮಾಚಾರ ಆ ಒಂದು ವಿಷಯದಲ್ಲಿ ಅಷ್ಟೇನೂ ಬದಲಾಗಿರಲಿಲ್ಲ. ನೋಂದಣಿ ಇಲಾಖೆ ಕಲಿತ ಪಾಠವನ್ನು ಕಾರಾಗೃಹ ಇಲಾಖೆ ಕಲಿಯಲಿಲ್ಲ ಎಂದು ಬರೆಯಲು ನನಗೆ ಬೇಸರವಾಗುತ್ತದೆ. ಅದೇ ವರ್ಷ ಅಕ್ಟೋಬರ್ 26ರಂದು ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತೆಲಗಿ ತೀರಿಕೊಂಡ. ಮಣ್ಣಾದದ್ದು ಖಾನಾಪುರದಲ್ಲಿ.

ನಾಸಿಕ್‌ನಲ್ಲಿ ಒಂದು ಪ್ರಕರಣ ಉಳಿದಿತ್ತು. ಮುದ್ರಣಾಲಯದಿಂದ ರೈಲಿನಲ್ಲಿ ಹೊರಟ ಅಸಲಿ ಸ್ಟಾಂಪುಗಳು ದಾರಿಯಲ್ಲಿ ಮಾಯವಾದವು, ಕಾಯಬೇಕಾದವರೇ ಅದಕ್ಕೆ ನೆರವಾದರು ಎಂಬುದು ಸಿಬಿಐ ಆರೋಪ. ತೆಲಗಿಯ ಜೊತೆಗೆ ರೈಲ್ವೆ ರಕ್ಷಣಾ ದಳದ ಅಧಿಕಾರಿಗಳೂ ಆರೋಪಿಗಳಾಗಿದ್ದರು. 2018ರ ಡಿಸೆಂಬರ್ 31ರಂದು ನಾಸಿಕ್ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಎಲ್ಲರನ್ನೂ, ಆಗಲೇ ತೀರಿಕೊಂಡು ವರ್ಷ ಕಳೆದಿದ್ದ ತೆಲಗಿಯನ್ನೂ ಸೇರಿಸಿ, ಖುಲಾಸೆ ಮಾಡಿತು. ಕಾಗದ ಮಾರಿದವನ ಅಪರಾಧ ಪುಣೆಯಲ್ಲಿ ಅವನ ಬಾಯಿಂದಲೇ ಸಾಬೀತಾಯಿತು. ನಾಸಿಕ್ ರೋಡ್ ನಿಲ್ದಾಣದಿಂದ ಮುಂದಕ್ಕೆ ವ್ಯಾಗನ್ನುಗಳಲ್ಲಿ ನಡೆದದ್ದೇನು ಎಂಬುದು ನ್ಯಾಯಾಲಯದ ದಾಖಲೆಯಲ್ಲಿ ಈಗಲೂ ಸಾಬೀತಾಗದ ಆರೋಪವಾಗಿಯೇ ಇದೆ.